ಹದಿನಾಲ್ಕು ಸಲ ಎದ್ದವಳು

ಸರ್ವರ್ ಕೋಣೆ, ಎರಡನೆಯ ಮಹಡಿ
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಕ್ಕಾ,

ಬೆನ್ನುನೋವು ಹೇಗಿದೆ? ನಮ್ಮ ಕಂಪನಿಯ ಹೆಡ್ ಆಫೀಸಿನ ಕುರ್ಚಿ ಒಳ್ಳೆಯದಂತೆ. ಆದರೂ ಗಂಟೆಗೊಮ್ಮೆ ಎದ್ದು ಓಡಾಡು. ಅಮ್ಮ ಆರಾಮ. ನಿನಗೆ ಬಡ್ತಿ ಬಂದದ್ದನ್ನು ಎದುರುಮನೆಯ ನಾಯಿಯೊಂದನ್ನು ಬಿಟ್ಟು ಉಳಿದವರಿಗೆಲ್ಲ ಹೇಳಿ ಮುಗಿಸಿದ್ದಾಳೆ.

ಇಲ್ಲಿ ನಮ್ಮ ಕಾಲ್ ಸೆಂಟರಿನಲ್ಲಿ ಕಿಟಕಿ ಪಕ್ಕದ ಸೀಟಿನವಳನ್ನು ಹೋದ ವಾರ ಕೆಲಸದಿಂದ ತೆಗೆದರು. ಏಳು ತಿಂಗಳ ಬಸುರಿ. ಒಂದೇ ದಿನ ಹದಿನಾಲ್ಕು ಸಲ ಸೀಟು ಬಿಟ್ಟು ಎದ್ದಳು ಎಂದು ವಜಾ ಪತ್ರದಲ್ಲಿತ್ತು. ಮನುಷ್ಯರ್ಯಾರೂ ಹಾಗೆ ಎಣಿಸುತ್ತ ಕೂರುವುದಿಲ್ಲ, ಯಂತ್ರವೇ ಎಣಿಸಿರಬೇಕು. ಎಣಿಸುವವನು ಅಡಗಿ ಕೂತ ಕಡೆ ನ್ಯಾಯವಿರುವುದಿಲ್ಲ ಎಂದು ಓದಿದ್ದೇನೆ. ಎಲ್ಲಿ ಅಂದರೆ, ನೀನು ನಗುತ್ತಿದ್ದ ಆ ಕಾರ್ಮಿಕ ಸಂಘದ ಕರಪತ್ರಗಳಲ್ಲೇ.

ನೀನೇ ಕಲಿಸಿದ್ದೆಯಲ್ಲ, ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಪಿಎಸ್ ಎಂದು ಟೈಪ್ ಮಾಡಿದರೆ ಆ ಕ್ಷಣ ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ಬರುತ್ತದೆ, ಗ್ರೆಪ್ ಅದರಿಂದ ಬೇಕಾದ ಸಾಲನ್ನು ಹೆಕ್ಕಿಕೊಡುತ್ತದೆ ಎಂದು. ‘ಸ್ಪೈ’ ಎಂದು ಹುಡುಕಿದೆ. ಒಂದು ಸಾಲು ಬಂತು. ಮತ್ತೆ ಹುಡುಕಿದರೆ ಅದೇ ಸಾಲು, ನಂಬರು ಮಾತ್ರ ಬೇರೆ. ತಪ್ಪಿಸಿಕೊಳ್ಳುತ್ತಿದೆ, ಓಡಿಸುತ್ತಿರುವವರು ಸೂಪರ್‌ವೈಸರೇ ಎಂದುಕೊಂಡು ಅವರನ್ನು ಎಲ್ಲರೆದುರು ಕಳ್ಳ ಎಂದುಬಿಟ್ಟೆ. ಅವರು ಬಗ್ಗಿ ನೋಡಿ, “ಅಯ್ಯೋ ಪುಣ್ಯಾತ್ಮ, ಇದು ನಿನ್ನ ಗ್ರೆಪ್ಪೇ ಕಣೋ! ಹುಡುಕೋದೂ ಒಂದು ಪ್ರೋಗ್ರಾಮೇ ಅಲ್ವಾ? ಪ್ರತಿ ಸಲ ಹೊಸದಾಗಿ ಶುರುವಾಗುತ್ತೆ, ನೀನು ಕೊಟ್ಟ ‘ಸ್ಪೈ’ ಪದ ಅದರ ಸಾಲಲ್ಲೇ ಇರುತ್ತೆ. ನಿನ್ನನ್ನ ನೀನೇ ಹಿಡ್ಕೊಂಡಿದೀಯ” ಎಂದರು. ಯಾರು ಓಡಿಸುತ್ತಿದ್ದಾರೆಂದು ತೋರಿಸುವ ಮೊದಲ ಕಾಲಮ್ಮನ್ನು ನಾನು ನೋಡಿಯೇ ಇರಲಿಲ್ಲ. ಅಲ್ಲಿ ನನ್ನ ಹೆಸರೇ ಇತ್ತು. ಎಲ್ಲರೂ ನಕ್ಕರು. ಕ್ಷಮೆ ಕೇಳಿದೆ.

ಆಮೇಲೆ ಗ್ರೆಪ್ಪಿನ ಸಹವಾಸ ಬಿಟ್ಟು ಇಡೀ ಪಟ್ಟಿಯನ್ನು ಸಾಲುಸಾಲಾಗಿ ಓದಿದೆ, ಮೊದಲ ಕಾಲಮ್ಮನ್ನೂ ಸೇರಿಸಿ. ಇನ್ನೂರಾ ಹನ್ನೆರಡನೆಯ ಸಾಲಿನಲ್ಲಿ ಸಿಕ್ಕಿತು: ಯಾವ ಸೀಟಿನ ಕೀಬೋರ್ಡ್ ಎಷ್ಟು ಸಲ, ಎಷ್ಟು ಹೊತ್ತು ಸುಮ್ಮನಿತ್ತು ಎಂದು ಎಣಿಸುವ ಪ್ರೋಗ್ರಾಮು. ಅಕ್ಟೋಬರಿನಿಂದ ಒಂದು ನಿಮಿಷವೂ ನಿಂತಿಲ್ಲ.

ಅಮ್ಮ ನಿನ್ನನ್ನು ಹರಸಿದ್ದಾಳೆ. ಭಾವನನ್ನು ಕೇಳಿದೆನೆಂದು ಹೇಳು.

ಇಂತಿ,
ನೀನೇ ಹೆಸರಿಟ್ಟ ಕರಪತ್ರ ಪಂಡಿತ,
ನಿನ್ನ ತಮ್ಮ

ಕಾಗದ ಮಡಚುವ ಮುನ್ನ: ಆ ಸಾಲಿನ ಮೊದಲ ಕಾಲಮ್ಮಿನಲ್ಲಿರುವುದು ನಿನ್ನ ಹೆಸರು. ಶುರುವಾದ ತಾರೀಖು ನಿನ್ನ ಬಡ್ತಿಗೆ ಒಂದು ವಾರ ಮೊದಲಿನದು. ನಾನದನ್ನು ನಿಲ್ಲಿಸಿಲ್ಲ, ಪ್ರಿಂಟ್ ತೆಗೆದಿಟ್ಟಿದ್ದೇನೆ. ಕಿಟಕಿ ಪಕ್ಕದವಳನ್ನು ವಾಪಸ್ ಕರೆಸಿಕೊಳ್ಳಬೇಕೆಂದು ಶುಕ್ರವಾರ ನಮ್ಮ ಕೆಲಸಗಾರರ ಸಭೆಯಿದೆ. ಅಷ್ಟರೊಳಗೆ ಬಂದು ನೀನೇ ಹೇಳಿಬಿಡು. ಬಾರದಿದ್ದರೆ ಆ ಸಾಲನ್ನು ನಾನು ಓದುತ್ತೇನೆ. ನಿನ್ನ ಹೆಸರು ಬಂದಾಗ ದನಿ ತಡವರಿಸದಂತೆ ಬೆಳಗಿನಿಂದ ಅಭ್ಯಾಸ ಮಾಡುತ್ತಿದ್ದೇನೆ. ಇನ್ನೂ ಆಗಿಲ್ಲ.