ಗುರುಬಸವ್ವನ ಕುತ್ತಿಗೆಯ ಸುಣ್ಣ

ಫೆಬ್ರುವರಿ 30, 2151
ಗದಗ

ಪ್ರೀತಿಯ ಗುರುಬಸವ್ವಜ್ಜಿಗೆ, ನಿನ್ನ ಮಗಳು ವಿಶಾಲಾಕ್ಷಿಯ ಮೊಮ್ಮಗಳ ಮೊಮ್ಮಗಳು ಇಳಾವತಿಯ ನಮಸ್ಕಾರ.

ತಾರೀಖು ನೋಡಿ ನಗಬೇಡ, ನಮ್ಮಲ್ಲಿ ಫೆಬ್ರುವರಿಗೆ ಮೂವತ್ತು ದಿನ. ನನ್ನ ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ಇದು ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಕಳಿಸುವ ಕಾಗದ. ಒಬ್ಬರಿಗೆ ಬದುಕಿನಲ್ಲಿ ಒಂದೇ ಸಿಗುತ್ತದೆ. ನನ್ನ ಅಕ್ಕ ಮಹಾರಾಯಿತಿ ತನ್ನದನ್ನು ಯಾವುದೋ ಮುತ್ತಜ್ಜಿಗೆ ಕೆಂಪು ಮೆಣಸಿನಕಾಯಿ ರಂಜಕದ ಅಳತೆ ಕೇಳಲು ಹಾಳುಮಾಡಿದಳು. ಅಲ್ಲಿಂದ ಉತ್ತರ ಬರುವುದಿಲ್ಲ ಎಂಬುದೇ ಅವಳಿಗೆ ಹೊಳೆಯಲಿಲ್ಲ! ನಾನು ನನ್ನದನ್ನು ನಿನಗಾಗಿ ನಲವತ್ತಾರು ವರ್ಷ ಜೋಪಾನ ಮಾಡಿದ್ದೇನೆ.

ನಮ್ಮ ಮನೆಯಲ್ಲಿ ಉಲಿಗೂಡು ಇದೆ, ಹಿರಿಯರ ದನಿಗಳನ್ನು ಕಾಪಿಡುವ ಗೂಡು. ಅದರಲ್ಲಿ ಎಂಬತ್ತು ವರ್ಷದ ವಿಶಾಲಿ ನಿನ್ನ ಬಗ್ಗೆ ಮಾತಾಡುತ್ತಾಳೆ. ಬಸ್‌ಸ್ಟ್ಯಾಂಡಿನ ಹಿಂದಿನ ನಿನ್ನ ಖಾನಾವಳಿ, ದಿನಕ್ಕೆ ಇನ್ನೂರು ರೊಟ್ಟಿ, ತಣ್ಣೀರು ಮುಟ್ಟಿದರೆ ನೀಲಿಗಟ್ಟುವ ನಿನ್ನ ಬೆರಳು ಎಲ್ಲವೂ ನನಗೆ ಗೊತ್ತು. ಬೆರಳ ತುದಿಯಿಂದ ಬಿಳಿ ಕಾಳು ಹೊರಬಂದಾಗ ನೀನು ಊಟಕ್ಕೆ ಕೂತವರಿಗೆ "ರೊಟ್ಟಿ ಹಿಟ್ಟು ಒಳಗ ಹೊಕ್ಕೈತಿ ನೋಡ್ರಿ" ಎಂದು ನಗಿಸಿದೆಯಂತೆ. ಚರ್ಮ ಬಿಗಿಯುವ ಆ ರೋಗಕ್ಕೆ ಡಾಕ್ಟರು ಸ್ಕ್ಲೆರೋಡರ್ಮಾ ಎಂದರು, ನೀನು ಫೈಲನ್ನು ಜೋಳದ ಡಬ್ಬಿಯ ಮೇಲೆ ಎಸೆದೆ. ಈಗ ಕುತ್ತಿಗೆ ನೋಯುತ್ತಿದೆ, ಕೈ ಜುಮುಗುಡುತ್ತಿದೆ, ಚಪ್ಪಲಿ ಕಾಲಿನಿಂದ ಜಾರಿದರೂ ನಿನಗೆ ತಿಳಿಯುತ್ತಿಲ್ಲ. ಕೇಳಿದರೆ "ಅದು ಚರ್ಮದ ಬ್ಯಾನಿ, ಕುತ್ತಿಗಿಗೇನ್ ಸಂಬಂಧ?" ಅನ್ನುತ್ತೀ.

ಸಂಬಂಧ ಇದೆ, ನನ್ನವ್ವಾ. ಬೆರಳಲ್ಲಿ ಬಿಳಿ ಕಾಳಾಗಿ ಕಂಡ ಆ ಸುಣ್ಣವೇ ಕತ್ತಿನ ಮೂಳೆಗಳ ಕೀಲಿನಲ್ಲೂ ಕೂತು ಒಳಗಿನ ನರದ ಹುರಿಯನ್ನು ಒತ್ತುತ್ತಿದೆ. ನನಗೂ ಇದೇ ರೋಗ. ನಮ್ಮ ಬಚ್ಚಲುಗಳಲ್ಲಿ ಒಳಗನ್ನಡಿ ಇರುತ್ತದೆ, ಹಲ್ಲುಜ್ಜುವಾಗಲೇ ಮೂಳೆ ಕಾಣಿಸುವ ಕನ್ನಡಿ. ಹೋದ ವರ್ಷ ಅದರಲ್ಲಿ ನನ್ನ ಕತ್ತಿನ ಹಿಂದೆ ಬಿಳಿ ಮುದ್ದೆ ಕಂಡಾಗ ಮೊದಲು ನೆನಪಾದವಳು ನೀನು. ನಮ್ಮ ವೈದ್ಯರು ಹನ್ನೊಂದು ದಿನದಲ್ಲಿ ಅದನ್ನು ಕರಗಿಸಿದರು. ನಿನ್ನ ಕಾಲದಲ್ಲಿ ಅಷ್ಟು ಸಲೀಸಲ್ಲ, ಆದರೂ ಸ್ಕ್ಯಾನ್ ಇದೆ, ಒತ್ತಡ ಇಳಿಸುವ ಆಪರೇಷನ್ ಇದೆ.

ವಿಶಾಲಿ ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಕಾಲು ಸೋಕಿದರೆ ಉಳುಕು ಹೋಗುತ್ತದೆಂದು ರವಿವಾರ ಮುಂಜಾನೆ ಓಣಿಯ ಮಂದಿಯೆಲ್ಲ ನಿಮ್ಮ ಪಡಸಾಲೆಯಲ್ಲಿ ಬೋರಲು ಮಲಗುತ್ತಾರೆ. ನಿನಗೆ ಇನ್ನು ಬರಲಿರುವ, ನಮಗೆ ಎಂದೋ ಕಳೆದ ಯುಗಾದಿಯ ನಂತರದ ರವಿವಾರ ನೀನೂ ಮಲಗಿದೆ. ಅವಳು ಹಿಂದೆ ಮುಂದೆ ನೋಡಿದಾಗ "ಊರ ಮಂದಿಗೆಲ್ಲಾ ಕಾಲ ಕೊಡ್ತಿ, ನಿಮ್ಮವ್ವಗ ಬ್ಯಾಡೇನ?" ಎಂದು ಛೇಡಿಸಿದೆ. ಅವಳು ಕತ್ತಿನ ಮೇಲೆ ಹಿಮ್ಮಡಿಯಿಂದ ಮೂರು ಸಲ ಒದ್ದಳು, ಮೆಲ್ಲಗೇ. ಆಮೇಲೆ ನೀನು ನಿನ್ನ ಕಾಲ ಮೇಲೆ ನಿಲ್ಲಲಿಲ್ಲ.

ಬೇಡ, ಅಜ್ಜಿ. ಮಲಗಬೇಡ, ಕುತ್ತಿಗೆಯನ್ನು ಯಾರ ಕೈಗೂ ಕಾಲಿಗೂ ಕೊಡಬೇಡ. ಡಬ್ಬಿಯ ಮೇಲಿನ ಆ ಫೈಲು ತೆಗೆದುಕೊಂಡು ನಾಳೆಯೇ ದೊಡ್ಡಾಸ್ಪತ್ರೆಗೆ ಹೋಗಿ ಚಪ್ಪಲಿಯ ವಿಷಯವನ್ನೂ ಬಾಯಿಬಿಟ್ಟು ಹೇಳು.

ಹಿಂದೋಲೆ ಒಂದೆರಡು ವರ್ಷ ಹೆಚ್ಚುಕಮ್ಮಿ ಬೀಳುವುದುಂಟು. ಆ ರವಿವಾರ ಕಳೆದೇಹೋಗಿದ್ದರೆ ಮಂಚದಿಂದಲೇ ವಿಶಾಲಿಯನ್ನು ಹತ್ತಿರ ಕರೆ. ಸುಣ್ಣ ವರ್ಷಗಟ್ಟಲೆ ಒತ್ತುತ್ತಿತ್ತು ಎಂದು ಡಾಕ್ಟರು ಎಷ್ಟು ಹೇಳಿದರೂ, ತನ್ನ ಕಾಲಿನಿಂದಲೇ ಹೀಗಾಯಿತೆಂಬುದು ಅವಳ ತಲೆಯಿಂದ ಹೋಗಲಿಲ್ಲ. ನೀನು ಆ ದಿನದ ಮಾತನ್ನೇ ಎತ್ತಲಿಲ್ಲ. ಅವಳಿಗೆ ನೋವಾದೀತೆಂದು ಸುಮ್ಮನಿದ್ದೆ ಎಂದು ನಾನು ನಂಬಿದ್ದೇನೆ. ಅವಳು ಅದನ್ನು ಸಿಟ್ಟು ಎಂದುಕೊಂಡಳು. ಉಲಿಗೂಡಿನಲ್ಲಿ ಅವಳ ಕೊನೆಯ ಮಾತು ಇಷ್ಟೇ: "ಯವ್ವಾ, ನನ್ನ ಮ್ಯಾಲ ಸಿಟ್ಟ ಐತೇನ?" ಕೇಳಿದಾಗಲೆಲ್ಲ ನಾವು ನಾಲ್ಕು ತಲೆಮಾರಿನವರು "ಇಲ್ಲ" ಎಂದು ಗೂಡಿಗೆ ಹೇಳುತ್ತಲೇ ಇದ್ದೇವೆ. ಅವಳಿಗೆ ಅದು ಕೇಳಿಸುವುದಿಲ್ಲ. ನೀನು ಹೇಳಿದರೆ ಕೇಳಿಸುತ್ತದೆ.