ಹರಿಯಬೇಕಾಗಿದ್ದ ಹುರಿ

ಏಪ್ರಿಲ್ 9
ಮತ್ತೆ ಹೊಸ ನಕ್ಷೆ. ಅಡುಗೆಮನೆ ಮೇಜಿನ ಮೇಲೆ ಬ್ರೆಡ್ಡಿಗೂ ಜಾಗವಿಲ್ಲ. ನಮ್ಮ ಕ್ಯಾಟಮರಾನ್ ದೋಣಿಗೆ ಎರಡು ಒಡಲು, ಎರಡು ಚುಕ್ಕಾಣಿ. ಇಲ್ಲಿನ ವಾಡನ್ ಕಡಲು ಇಳಿದಾಗ ದೋಣಿಕಟ್ಟೆಯ ಹತ್ತಿರ ಮೊಣಕಾಲುದ್ದ ನೀರೂ ಇರುವುದಿಲ್ಲ. ಕೆಸರು ಮುಟ್ಟುವ ಮೊದಲೇ ಎರಡೂ ಚುಕ್ಕಾಣಿಗಳನ್ನು ಎತ್ತಬೇಕು. ಲಕ್ವ ಹೊಡೆದ ಮೇಲೆ ರಿಂಕ್‌ಗೆ ಉಳಿದದ್ದು ಬಲಗೈ ಒಂದೇ.

"ಒಂದು ಕೈಯಲ್ಲಿ ಆಗೋ ಹಾಗೆ ಮಾಡು. ಇಲ್ಲಾಂದ್ರೆ ದೋಣಿ ಯಾರಿಗಾದ್ರೂ ಕೊಟ್ಬಿಡೋಣ," ಅಂದ.

ಮೂವತ್ತು ವರ್ಷ ಹಡಗು ಕಟ್ಟುವ ಕಾರ್ಖಾನೆಯಲ್ಲಿ ನಕ್ಷೆ ಬರೆದವಳು ನಾನು. ಗಂಡನಿಗೆ ಇಷ್ಟು ಮಾಡಿಕೊಡಲಾರೆನೇ?

ಏಪ್ರಿಲ್ 26
ಆಯಿತು. ಕೊಕ್ಕೆಯಿಂದ ಹಗ್ಗ ಬಿಡಿಸಿ ಒಂದೆಳೆತ — ಎರಡೂ ಮೇಲೆ. ಒಂದೊಂದು ಚುಕ್ಕಾಣಿಯನ್ನೂ ಕೆಳಗೆ ಹಿಡಿದಿಡುವ ಹಗ್ಗದ ನಡುವೆ ಗೇಣುದ್ದ ಹತ್ತಿ ಹುರಿ. ನೆಲಕ್ಕೆ ಬಡಿದರೆ ಹುರಿ ಹರಿಯುತ್ತದೆ, ಚುಕ್ಕಾಣಿ ತಾನೇ ಮೇಲೇಳುತ್ತದೆ, ದೋಣಿ ಉಳಿಯುತ್ತದೆ.

ರಿಂಕ್ ಹುರಿ ಮುಟ್ಟಿ ನಕ್ಕ. "ನಲವತ್ತು ವರ್ಷ ಮುರೀದೇ ಇರೋ ದೋಣಿ ಕಟ್ಟಿದೀನಿ. ಈಗ ಹರಿಯೋದನ್ನ ನಂಬಬೇಕಾ?"

"ಅದು ಇರೋದೇ ಹರಿಯೋಕೆ. ನಂಬು."

ಮೇ 11
ನಂಬಿದ್ದಕ್ಕೆ ಮರ್ಯಾದೆ ಹೋಯಿತು. ಅಲೆ ಜೋರಿತ್ತು. ಆಳದ ನೀರಿನಲ್ಲೇ ಹುರಿ ಹರಿದು ದೋಣಿ ಗಿರ್ರನೆ ತಿರುಗಿತು. ಪಕ್ಕದ ಮನೆ ಗೊಸ್ಸೆ ತನ್ನ ದೋಣಿಗೆ ಕಟ್ಟಿ ಎಳೆದು ತಂದ. ಕಟ್ಟೆ ತುಂಬ ಜನ. ಯಾರೋ ಕೂಗಿದರು:

"ಏನಪ್ಪಾ ರಿಂಕ್, ನಿನ್ ಹೆಂಡ್ತಿ ಹಿಸ್ಕೆ ಹೊಲಿಗೆ ದಾರದಲ್ಲಿ ಕಟ್ಟಿಕೊಟ್ಳಾ?"

ಎಲ್ಲರೂ ನಕ್ಕರು. ರಿಂಕೂ ನಕ್ಕ. ಮನೆಗೆ ಬಂದು ಸೂಪು ಮುಟ್ಟಲಿಲ್ಲ.

ಮೇ 12, ಬೆಳಿಗ್ಗೆ 6
ಅವನು ಏಳುವ ಮೊದಲು ಹೋಗಿ ಎರಡೂ ಹುರಿ ಬದಲಿಸಿದೆ. ಪ್ಲಾಸ್ಟಿಕ್ ನೂಲಿನದು. ಅದೇ ಬಿಳಿ, ಅದೇ ದಪ್ಪ. ಕುದುರೆ ಕಟ್ಟಿ ಎಳೆದರೂ ಹರಿಯದು. ಹೇಳಿಲ್ಲ. ಸ್ವಲ್ಪ ದಪ್ಪನೆಯ ಹತ್ತಿ ಹುರಿಗೆ ಲೆಕ್ಕ ಹಾಕಿ ಬೇಗ ಕಟ್ಟಿದರಾಯಿತು... ಒಂದು ವಾರ, ಅಷ್ಟೇ.

ಜೂನ್ 15
ತಿಂಗಳಾಯಿತು. ದಿನಾ ಶಿಳ್ಳೆ ಹಾಕುತ್ತಾ ಹೋಗಿ ಬರುತ್ತಿದ್ದ. ಆ ಶಿಳ್ಳೆ ಕೇಳುತ್ತಾ ನಾಳೆ, ನಾಳೆ ಅಂದೆ.

ಇವತ್ತು ಇಳಿತದಲ್ಲಿ ಮರಳುದಿಣ್ಣೆ ಮೇಲಿನ ಒಳದಾರಿ ಹಿಡಿದಿದ್ದಾನೆ. ತಗುಲಿದರೆ ಹುರಿ ಹರಿಯುತ್ತದೆಂಬ ಧೈರ್ಯ. ಹರಿಯಲಿಲ್ಲ. ಒಂದು ಒಡಲಿನ ಹಿಂದಿನ ಹಲಗೆಯೇ ಕಿತ್ತು ಬಂತು. ರಿಂಕ್‌ಗೆ ಎರಡು ಪಕ್ಕೆಲುಬು ಮುರಿದಿವೆ. ಗೊಸ್ಸೆ ದೋಣಿ ಎಳೆದು ತಂದ ಕೂಡಲೇ, ಯಾರೂ ನೋಡುವ ಮೊದಲು, ಎರಡೂ ಹುರಿ ಕತ್ತರಿಸಿ ಏಪ್ರನ್ ಜೇಬಿಗೆ ಹಾಕಿಕೊಂಡೆ. ಥೂ.

ಜೂನ್ 17, ಸಂಜೆ
"ನಿನ್ ನಕ್ಷೇಲಿ ತಪ್ಪಿಲ್ಲ. ನಾನೇ ಹಗ್ಗ ತಪ್ಪು ಸುತ್ತಿದೀನಿ," ಅಂದ ರಿಂಕ್. "ಕೈ ಹೋಗಿತ್ತು. ಈಗ ತಲೆನೂ ಹೋಗ್ತಿದೆ, ಹಿಸ್ಕೆ. ದೋಣಿ ಗೊಸ್ಸೆಗೆ ಕೊಡ್ತೀನಿ. ಈಗ ಬರ್ತಾನೆ."

ಅವನ ಮುಖ ನೋಡಲಾಗುತ್ತಿಲ್ಲ. ನಗುವವರ ಬಾಯಿ ಮುಚ್ಚಿಸಲು ಹೋಗಿ ಇದನ್ನು ಮಾಡಿಟ್ಟೆ.

ಹೊರಗೆ ಗೊಸ್ಸೆಯ ಸೈಕಲ್ ಗಂಟೆ. ಏಪ್ರನ್ ಜೇಬಿನಿಂದ ಹುರಿಗಳನ್ನು ತೆಗೆದು ಮೇಜಿನ ಮೇಲಿಟ್ಟೆ. ರಿಂಕ್ ಒಂದನ್ನು ಎತ್ತಿಕೊಂಡ. ತುದಿಯನ್ನು ಹಲ್ಲಲ್ಲಿ ಕಚ್ಚಿ ಬಲಗೈಯಿಂದ ಎಳೆಯುತ್ತಿದ್ದಾನೆ. ಇನ್ನೂ ಎಳೆಯುತ್ತಿದ್ದಾನೆ. ಹರಿಯುತ್ತಿಲ್ಲ. ಈಗ ನನ್ನ ಕಡೆ —