ಬೆಳ್ಳಗಾದ ಬಿಲ್ಲುಗಳು

ತಮ್ಮಾ,

ಇವತ್ತು ತೆರಿಗೆ ಆಫೀಸಿಗೆ ಹೋಗಿದ್ದೆ. ವರ್ಕ್‌ಶಾಪಿನ ಖರ್ಚಿಗೆಲ್ಲ ಬಿಲ್ಲು ತೋರಿಸಬೇಕಂತೆ, ಇಲ್ಲದಿದ್ದರೆ ಅಷ್ಟಕ್ಕೂ ತೆರಿಗೆ. ಬಿಲ್ಲಿನ ಚೀಲ ಮೇಜಿನ ಮೇಲೆ ಸುರಿದೆ. ಅಕ್ಷರವೆಲ್ಲ ಮಾಸಿ ಬರೀ ಬಿಳಿ ಕಾಗದ.

"ಮಷೀನ್ ಬಿಲ್ಲು ಹೀಗೇ ಯಜಮಾನ್ರೇ, ಜೆರಾಕ್ಸ್ ಮಾಡಿಸಿಡಬೇಕಿತ್ತು" ಅಂದಳು ಆಫೀಸರಮ್ಮ.

ನೀನು ಮಾಡಿಸಿಟ್ಟಿದ್ದೆ. ಒಂದು ಬಿಲ್ಲಿಗೆ ಎರಡು ಕಾಗದ ಯಾಕೋ ದಂಡಪಿಂಡ ಅಂತ ಬೈದು, ನಿನ್ನನ್ನು ಮನೆಯಿಂದ ಹೊರಗೆ ಹಾಕಿದ ದಿನವೇ ಅವನ್ನೂ ರದ್ದಿಗೆ ಹಾಕಿದೆ. ಹಿಗ್ಗಬೇಡ. ನಿನ್ನ ಮೂತಿ ನೋಡೋ ಆಸೆ ನನಗಿಲ್ಲ.

"ಮೊದಲು ಲೆಕ್ಕ ನೋಡ್ತಿದ್ದವರನ್ನ ಕರಕೊಂಡು ಬನ್ನಿ, ದಾರಿ ಸಿಗಬಹುದು" ಅಂದಳು.

ಪಕ್ಕದ ಬೀದಿಯಲ್ಲೇ ಇದ್ದೀಯ. ತಮ್ಮ ಸತ್ತುಹೋದ ಅಂದೆ.

ಅವಳು ಪೆನ್ನು ಕೆಳಗಿಟ್ಟು, "ಅಯ್ಯೋ ಪಾಪ, ಯಾವಾಗ?" ಅಂತ ಕೇಳಿದಳು.

ನೀನು ಮನೆ ಬಿಟ್ಟ ತಾರೀಖು ಹೇಳಿದೆ.